ಮಜ್ಜಿಗೆಗೆ ಮುಂಚೆ

ಹತ್ತು ಕಾಲೇಜುಗಳ ಕೂಟ ಅದು.
ಕ್ಯಾನ್ಸಸ್ಸಿನ ಗೋಧಿ ಬಯಲಲ್ಲಿ ನಮ್ಮದು,
ಆಟದಲ್ಲಿ ಯಾವಾಗಲೂ ಒಂಬತ್ತನೆಯದು.
ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಈ ಕಾಲ್ಚೆಂಡು
ಇಪ್ಪತ್ತೆರಡು ವರ್ಷ ನೋಡಿಯೂ ನನಗೆ ಪೂರ್ತಿ ತಿಳಿದಿಲ್ಲ.
ತಿಳಿದದ್ದು ಬಸ್ಸು.

ಶುಕ್ರವಾರ ಮಧ್ಯಾಹ್ನ ತಂಡ ಹೊರಡುವ ಮುನ್ನ
ಬಸ್ಸಿನ ಹೊಟ್ಟೆಗೆ ಹೆಲ್ಮೆಟ್ಟಿನ ಮೂಟೆ, ನೀರಿನ ಡ್ರಮ್ಮು,
ಮತ್ತೆ ನಮ್ಮ ಲೈಬ್ರರಿಯ ಎರಡು ಹಸಿರು ಪೆಟ್ಟಿಗೆ:
ಎದುರಾಳಿಗಳಿಗೆ ಕಡ ಕೊಟ್ಟ ಪುಸ್ತಕ.
ಭಾನುವಾರ ಬೆಳಗಿನ ಜಾವ
ಸೋಲಿನ ಜೊತೆ ಅವರ ಪುಸ್ತಕ ಬರುತ್ತಿತ್ತು.
ಬೆವರಿನ ವಾಸನೆ ಹತ್ತಿದ ಲ್ಯಾಟಿನ್ ವ್ಯಾಕರಣ,
ಕೆಸರು ಸಿಡಿದ ಬೀಜಗಣಿತ.
ಒರೆಸಿ ಕಪಾಟಿಗಿಡುವುದು ನನ್ನ ಕೆಲಸ.

ನಲವತ್ತೆರಡಕ್ಕೆ ಮೂರರಲ್ಲಿ ಮುಳುಗುತ್ತಿದ್ದಾಗಲೂ
ನಮ್ಮ ಹುಡುಗರು ಗ್ಯಾಲರಿಯಲ್ಲಿ ಎದ್ದು ಕೂಗುತ್ತಿದ್ದರು:
"ನಮ್ಮ ಲೈಬ್ರರಿ ದೊಡ್ಡದು!"
ಆಚೆಯವರು ಅಷ್ಟೇ ಗಟ್ಟಿಯಾಗಿ: "ನಮ್ಮಲ್ಲಿ ತಾರಾಲಯ ಇದೆ!"
ಬೇರೆ ಕೂಟದವರು ನಗುತ್ತಿದ್ದರು.
ನಗಲಿ.

ಮೊದಲು ಎದ್ದದ್ದು ದೊಡ್ಡ ಊರಿನ ಎರಡು ಕಾಲೇಜು.
ಟೀವಿಯವರು ಬೇರೆ ಕಡೆ ಎಲೆ ಹಾಕಿ ಕರೆದರಂತೆ.
ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು
ಕೊನೆಯವನ ಮಜ್ಜಿಗೆ ಅನ್ನ ಮುಗಿಯುವ ತನಕ ಏಳುವುದಿಲ್ಲ
ಎಂದು ಡೆಲ್ಬರ್ಟ್ ಹೋಗ್ಲೆಂಡನಿಗೆ ಹೇಳಿದೆ.
ಅವನು ಏಣಿ ಹತ್ತಿ ಕ್ರೀಡಾಂಗಣದ ಗೋಡೆಯಿಂದ
ಅವರ ಲಾಂಛನ ಕೆರೆಯುತ್ತಿದ್ದ.
"ಮಜ್ಜಿಗೆ ಅಂದರೆ?" ಎಂದ.

ಆಮೇಲೆ ನಾಲ್ಕು.
ಆಮೇಲೆ ತಾರಾಲಯದವರು, ರಾತ್ರೋರಾತ್ರಿ,
ಒಂದು ಕಾಗದ ಕೂಡ ಬರೆಯದೆ.
ಕೆರೆದಲ್ಲೆಲ್ಲ ಇಟ್ಟಿಗೆ ಹೊಸದಾಗಿ ಹೊಳೆಯುತ್ತದೆ.
ಹೋದವರು ಇದ್ದಾಗಿಗಿಂತ ಢಾಳಾಗಿ ಕಾಣುತ್ತಾರೆ.

ಉಳಿದ ಮೂವರು ಖಾಲಿ ಎಲೆಗಳಿಗೆ ಜನ ಹುಡುಕಿದೆವು.
ಫ್ಲೋರಿಡಾದ್ದೊಂದು ಸಿಕ್ಕಿತು. ಲೈಬ್ರರಿಯೇ ಇಲ್ಲದ್ದೊಂದು,
"ಎಲ್ಲಾ ಕಂಪ್ಯೂಟರಲ್ಲಿದೆ ಮೇಡಂ" ಎಂದರು ಫೋನಿನಲ್ಲಿ.
ಈಗ ಆಟ ಮಂಗಳವಾರ ರಾತ್ರಿ, ಟೀವಿಗೆ ಬಿಡುವಾದಾಗ.
ತಂಡ ವಿಮಾನ ಹತ್ತುತ್ತದೆ, ಪೆಟ್ಟಿಗೆಗೆ ತೂಕದ ಲೆಕ್ಕದಲ್ಲಿ ಕಾಸು.
ನಮ್ಮ ಹಸಿರು ಪೆಟ್ಟಿಗೆಗಳಲ್ಲಿ
ಯಾರೋ ಮರೆತ ಕೊಡೆ, ಒಂಟಿ ಕೈಗವಸು.

ಮೇ ತಿಂಗಳಲ್ಲಿ ಭೂವಿಜ್ಞಾನದ ಬಾಗಿಲಿಗೆ ಬೀಗ ಬಿತ್ತು.
ಲ್ಯಾಟಿನ್ನಿನ ವಿನಿಫ್ರೆಡ್ ಪೆಟ್ಟಿಜಾನ್ ವಾರಕ್ಕೆರಡು ದಿನ
ವ್ಯವಹಾರ ಪತ್ರಲೇಖನ ಕಲಿಸುತ್ತಾರೆ,
"ನಿಮ್ಮ ವಿಶ್ವಾಸಿ" ಎಂಬಲ್ಲಿಗೆ ಬಂದಾಗ ಕೆಮ್ಮುತ್ತಾರೆ.
ಹೊಸ ಅಂಕಫಲಕ ಮಾತ್ರ ಆರು ಮೈಲಿಯಿಂದ ಕಾಣುತ್ತದೆ.
ರಾತ್ರಿ ಗೋಧಿ ಕೊಯ್ಯುವವರು
ಅದರಲ್ಲಿ ಗಂಟೆ ನೋಡಿಕೊಳ್ಳುತ್ತಾರೆ.

ಇಮ್ಯಾನುಯೆಲ್ ಟಾಲಿವರ್, ನೂರಾ ಮೂವತ್ತು ಕಿಲೋ ಆಳು,
ಮಣ್ಣುಶಾಸ್ತ್ರದ ಕೊನೆಯ ವಿದ್ಯಾರ್ಥಿ.
ಹೋದ ಸೆಮಿಸ್ಟರ್ ಪರೀಕ್ಷೆ ಬರೆದದ್ದು
ಟ್ಯಾಂಪಾ ವಿಮಾನ ನಿಲ್ದಾಣದ ನೆಲದ ಮೇಲೆ,
ಸಹಾಯಕ ಕೋಚ್ ಚಿಪ್ಸ್ ತಿನ್ನುತ್ತ ಕಾವಲು.
ನಿನ್ನೆ ನನ್ನ ಮೇಜಿಗೆ ಬಂದು
ಬಯಲುನಾಡಿನ ಮಣ್ಣುಗಳ ನಕ್ಷೆಪುಸ್ತಕ ಇಟ್ಟ.
ಒಳಗೆ ತಾರಾಲಯದವರ ಮುದ್ರೆ.
"ತಡವಾಯಿತು. ದಂಡ ಎಷ್ಟು?"
ದಿನಕ್ಕೆ ಹತ್ತು ಸೆಂಟು, ಮೂರು ವರ್ಷ.
ಲೆಕ್ಕ ಹಾಕಿದೆ. ಕಟ್ಟಬೇಕಾದ ಖಾತೆಯೇ ಮುಚ್ಚಿಹೋಗಿದೆ.

ಅವನು ಪುಟ ತಿರುವಿ ನಮ್ಮ ಕೌಂಟಿ ತೋರಿಸಿದ.
ಕಂದು ಬಣ್ಣದ ಮೇಲೆ ಸೀಸದ ಕಡ್ಡಿಯಲ್ಲಿ,
ಆ ಕಡೆಯ ಯಾವ ಆಟಗಾರನೋ, ಯಾವ ವರ್ಷವೋ:
"ಇಲ್ಲಿ ಕೆಸರು ವಿಪರೀತ. 17–14. ಗೆದ್ದೆವು."
"ಸುಳ್ಳು," ಎಂದ ಟಾಲಿವರ್, "ಕೆಸರಲ್ಲ, ಅದು ಜೇಡಿ."
ಆಮೇಲೆ ಮೆಲ್ಲಗೆ: "ಇನ್ನೊಂದಷ್ಟು ದಿನ ಇಟ್ಟುಕೊಳ್ಳಲಾ?"

ಮೊಹರು ಕೈಗೆತ್ತಿಕೊಂಡೆ.
ಯಾವ ತಾರೀಖು ಒತ್ತಲಿ?
ಬೆರಳು ಅಭ್ಯಾಸಬಲದಿಂದ ಚಕ್ರ ತಿರುಗಿಸಿತು
ಬರುವ ಶನಿವಾರಕ್ಕೆ.
ಆಟವಿಲ್ಲದ ಶನಿವಾರ.