ಒಂದ ಮೆಟ್ಟಲು

ಎಂಜಿನಿಯರ್ ಕೊಟ್ಟ ನಕಾಶೆಯಲ್ಲಿ
ಹತ್ತು ಬೈ ಹದಿನಾಲ್ಕರ ಕೋಣೆ,
ಪಡುವಣಕ್ಕೆ ಗೋಡೆಯಗಲದ ಗಾಜು,
ಅದರಾಚೆ ‘ಗಾರ್ಡನ್’ ಅಂತ ಬರೆದ ಖಾಲಿ ಜಾಗ.
ಮಾನವಿಯ ಏಪ್ರಿಲ್ ಬಿಸಿಲು
ಆ ಹಾಳೆಯ ಮೇಲೆ ಎಲ್ಲೂ ಬಿದ್ದಿರಲಿಲ್ಲ.

ಗೌಂಡಿ ಮೌಲಾಸಾಬ ನಕಾಶೆ ಮಡಚಿದ.
‘ಪಡುವಣಕ್ಕ ಗಾಜು ಹಚ್ಚಿದ್ರ, ಅಕ್ಕಾರ,
ಒಲಿನ ಬ್ಯಾಡ, ಕೋಣ್ಯಾಗ ರೊಟ್ಟಿ ಬೇಯ್ತಾವ.’
ಬಾಗಿಲು ಬಡಗಣಕ್ಕೆ ತಿರುಗಿತು,
ನುಗ್ಗೆ ಇದ್ದ ಕಡೆಗೆ.

ಅಲ್ಲಿ ಹಿತ್ತಲು ಎರಡೂವರೆ ಅಡಿ ಕೆಳಗೆ.
ಮೆಟ್ಟಲು ಮೂರೋ ನಾಲ್ಕೋ ಅಂತ
ನಾನೂ ಇವರೂ ವಾದಕ್ಕೆ ನಿಂತಾಗ
ಅತ್ತೆ ಒಡೆದ ಗೋಡೆಯ ಕಿಂಡಿಯಿಂದ ದಾಟಿ
ಇಟ್ಟಿಗೆ ರಾಶಿಯ ಮೇಲೆ ಕೂತರು,
ಮಡಿಲಲ್ಲಿ ಇನ್ನೂ ಸೋಸದ ಪುಂಡಿಪಲ್ಯ.

ಮೌಲಾಸಾಬ ಟೇಪು ಕೆಳಗಿಟ್ಟ.
ಅವರ ಮೊಣಕಾಲ ಪಕ್ಕ
ಮಣ್ಣಿನ ತನಕ ದಾರ ಇಳಿಬಿಟ್ಟು
ಗಂಟು ಹಾಕಿಕೊಂಡ.
‘ಒಂದ ಮೆಟ್ಟಲು ಸಾಕ್ರಿ. ಅಗಲ ಇರ್ಲಿ.’

ಶಹಾಬಾದ್ ಪರಸಿ, ಒಂದೇ ಹಾಸು,
ಅಂಚು ಉಜ್ಜಿ ದುಂಡು ಮಾಡಿದ್ದು.

ರೊಕ್ಕ ಲಿಂಟಲ್‌ವರೆಗೆ ಬಂದು ನಿಂತಿತು.
ಛತ್ತು ದೀಪಾವಳಿಗೆ, ಇಲ್ಲಾ ಅದರಾಚೆಗೆ.
ಸದ್ಯ ಕೋಣೆಯೊಳಗೆ ನುಗ್ಗೆಹೂ ಉದುರುತ್ತದೆ,
ಅಳಿಲು ಸಿಮೆಂಟ್ ಚೀಲ ಕೆರೆಯುತ್ತದೆ.
ಬಂದವರು ‘ಇನ್ನಾ ಮುಗಿದಿಲ್ಲೇನವಾ?’ ಅನ್ನುತ್ತಾರೆ,
ಅಂದು, ಮೆಟ್ಟಲ ಮೇಲೆ ಕೂಡುತ್ತಾರೆ,
ಚಪ್ಪಲಿ ಬಿಟ್ಟು ಕಾಲು ಮಣ್ಣಿಗೆ ಊರುತ್ತಾರೆ.
ಚಹಾ ಎರಡನೇ ಸಲ ಕಾಯಿಸಬೇಕಾಗುತ್ತದೆ.

ನಕಾಶೆ ಈಗ ಪುಂಡಿ ಸೋಸುವ ಹಾಳೆ.
‘ಗಾರ್ಡನ್’ ಅನ್ನೋ ಕಡೆ
ಬೇರಿನಿಂದ ಉದುರಿದ ಹಸಿ ಎರೆಮಣ್ಣು.
ಅತ್ತೆ ಜಾಡಿಸಿ ಮಡಚಿಡುತ್ತಾರೆ,
ನಾಳೆಗೂ ಬೇಕು.