ಝುಬಿನ್

ಬೂಟಿನ ನಾಲಗೆಯ ಒಳಗೆ ನೀಲಿ ಶಾಯಿಯಲ್ಲಿ
ಯಾರದೋ ಹೆಸರು: ಝುಬಿನ್.
ಅಮ್ಮ ಪಾತ್ರೆ ತಿಕ್ಕುತ್ತಿದ್ದ ದಾದರಿನ ಪಾರ್ಸಿ ಮನೆಯಿಂದ
ಕೇಕಿನ ಡಬ್ಬಿಯಲ್ಲಿ ಬಂದಿದ್ದವು, ಕಪ್ಪು ಜೋಡಿ.

ಮೊದಲು ಗುಲಾಬಕ್ಕನಿಗೆ. ತುದಿಗೆ ತುರುಕಿದ್ದು
ಹಳೇ ಪೇಪರಿನ ಎರಡು ಹಾಳೆ.
ಅವಳು ಎಡಗಾಲು ಹೊರಗೆ ಚೆಲ್ಲಿ ನಡೆಯುವವಳು;
ಎರಡು ಮಳೆಗಾಲಕ್ಕೆ ಹಿಮ್ಮಡಿ ಒಂದೇ ಮಗ್ಗುಲಿಗೆ ಸವೆದು
ನನ್ನ ಪಾಲಿಗೆ ಬಂದಾಗ
ನಾನೂ ವಾಲಿದೆ.
ನೋಡು, ಥೇಟ್ ಅಕ್ಕನ ನಡಿಗೆ,
ರಕ್ತ ಎಲ್ಲಿ ಹೋಗುತ್ತೆ ಎಂದರು ಚಾಳಿನವರು.

ಲೋಹಿತನ ಸರದಿ ಬರುವಾಗ
ಮೂರು ಕಾಲಿನ ಬೆವರಿಗೆ ಅಳಿಸಿ ಉಳಿದದ್ದು
ಬರೀ ‘ಝು’.
ಅದು ಬೂಟಿನದೇ ಹೆಸರೆಂದು ನಂಬಿ
ರಾತ್ರಿ ಮಂಚದಡಿ ಇಣುಕಿ
‘ಝು, ಮಲಕ್ಕೋ’ ಎನ್ನುತ್ತಿದ್ದ.

ಕಿರುಬೆರಳ ಬಳಿ ತೂತು ಬಿದ್ದ ಮೇಲೆ
ಭಂಗಾರ್‌ವಾಲಾ ಕೂಡ ಬೇಡವೆಂದ.
ಆಮೇಲೆ ಏನಾಯಿತೋ, ಯಾರಿಗೂ ನೆನಪಿಲ್ಲ.

ಮೊನ್ನೆ ಮಾಟುಂಗಾ ಸ್ಟೇಷನ್ನಿನ ಸೇತುವೆ ಮೇಲೆ
ಯಾರೋ ಹೆಂಗಸು ಗಟ್ಟಿಯಾಗಿ ಕರೆದಳು:
ಝುಬಿನ್!
ನಲವತ್ತೆಂಟರ ನಾನು
ಜನದ ನಡುವೆ ತಟ್ಟನೆ ನಿಂತೆ,
ಎಡಕ್ಕೆ ಕೊಂಚ ವಾಲಿ.