ಬೂದಿಡಬ್ಬಿಯ ಮುಚ್ಚಳ

ಗ್ಯಾರೇಜಿನಲ್ಲಿ ಮೈನಸ್ ಹದಿನಾಲ್ಕು.
ಕೌನಾಸಿನ ಈ ಚಳಿಗೆ ವಿನೈಲ್ ಸೆಟೆದುಕೊಳ್ಳುತ್ತದಂತೆ,
ಅದಕ್ಕೇ ತಂಗಿಯ ಮಗ ರಿಮ್ವಿದಾಸ್
ಕಾರಿನ ಒಡಲು ಬಿಚ್ಚಿ ತಂದು
ನನ್ನ ಅಡುಗೆಮೇಜಿನ ಮೇಲೆ ಹರವಿದ್ದಾನೆ:
ಗೇರಿನ ಕೊರಳಪಟ್ಟಿ, ಬಾಗಿಲಿನ ನಾಲ್ಕು ಉದ್ದ ಪಟ್ಟಿ,
ಗಾಳಿಕಿಂಡಿಯ ಚೌಕಟ್ಟು,
ಬೂದಿಡಬ್ಬಿಯ ಮುಚ್ಚಳ.
ಕೋಳಿ ಹೆಚ್ಚಿಟ್ಟ ಹಾಗಿದೆ, ಎಂದೆ.
ನಗಲಿಲ್ಲ.

ಹದಿನೆಂಟು ವರ್ಷದ ವೋಲ್ವೊ.
ಮೊದಲ ಯಜಮಾನ ಯಾರೋ ಹ್ಯಾಂಬರ್ಗಿನವನು,
ಬೆರಳಲ್ಲಿ ಉಂಗುರವಿದ್ದವನೇ ಇರಬೇಕು.
ಗೇರಿನ ಸುತ್ತ ಸಣ್ಣ ಸಣ್ಣ ಗೀರು,
ಒಂದೇ ದಿಕ್ಕಿಗೆ ಬಾಗಿದ ಹುಲ್ಲು.

ಸ್ಪಿರಿಟ್ಟಿನಲ್ಲಿ ಒರೆಸಿದ. ಮತ್ತೆ ಒರೆಸಿದ.
ಜಿಡ್ಡಿದ್ದ ಕಡೆ ಅಂಟಿಗೂ ನಂಟಿಲ್ಲ;
ನನ್ನ ಬೆಣ್ಣೆಯ ಡಬ್ಬಿ ಕಿಟಕಿಯಾಚೆ ಹೋಯಿತು.
ಬೆಕ್ಕನ್ನು ಬಚ್ಚಲಲ್ಲಿ ಕೂಡಿಹಾಕಿದ.
ಒಂದು ಕೂದಲು ಅಡಿಗೆ ಸಿಕ್ಕರೆ
ಜನ್ಮವಿಡೀ ಕಾಣುತ್ತದೆ, ದೊಡ್ಡಮ್ಮ.

ನೇರ ಪಟ್ಟಿಗಳು ನೇರವಾಗಿಯೇ ಒಪ್ಪಿದವು.
ಹಿಂಬದಿಯ ಕಾಗದ ಚರ್ರೆಂದು ಸುಲಿದು
ನಡುವಿನಿಂದ ಅಂಚಿಗೆ ಫೆಲ್ಟಿನ ಹಲಗೆ ತಳ್ಳಿ,
ಗುಳ್ಳೆ ಎದ್ದಲ್ಲಿ ಸೂಜಿ ಚುಚ್ಚಿ ಒತ್ತಿದರೆ
ಉಸಿರು ಬಿಟ್ಟು ಮಲಗಿತು.

ಮುಚ್ಚಳ ಮಾತ್ರ ಹಟಮಾರಿ.
ಅಂಗೈಯಗಲದ ವಸ್ತು, ನಾಲ್ಕು ಮೂಲೆಯೂ ಉರುಟು.
ಎಳೆದ, ಜಗ್ಗಿದ, ಬೈದ,
ಮೂರು ತುಂಡು ಕಸದ ಬುಟ್ಟಿಗೆ.
ಅವನು ಸಿಗರೇಟು ಸೇದುವುದಿಲ್ಲ.
ಆ ಡಬ್ಬಿ ತೆರೆಯುವುದೂ ಇಲ್ಲ.

ಕೊಡು ಇಲ್ಲಿ.

ಮೂವತ್ತೊಂದು ವರ್ಷ ಕೋಟಿನ ಕಾರ್ಖಾನೆಯಲ್ಲಿ
ತೋಳು ಕೂರಿಸಿದವಳು ನಾನು.
ಹೆಗಲಿನ ಸುತ್ತಳತೆಗಿಂತ ತೋಳಿನ ಬಟ್ಟೆ
ಯಾವಾಗಲೂ ಒಂದಿಷ್ಟು ಹೆಚ್ಚು;
ಆ ಹೆಚ್ಚನ್ನು ನೆರಿಗೆ ಕಾಣದ ಹಾಗೆ
ನುಂಗಿಸುವುದೇ ಕಸುಬು.
ಎಳೆಯಬಾರದು. ಎಳೆದರೆ ಎಂಥ ಬಟ್ಟೆಗೂ ಸಿಟ್ಟು.
ಹೇರ್ ಡ್ರೈಯರ್ ಹಿಡಿ, ಎಂದೆ.
ಬಿಸಿಗೆ ಅದು ಹಾಲಿನ ಕೆನೆಯಂತೆ ಸಡಿಲಾಯಿತು,
ಮೂಲೆಯ ಸುತ್ತ ಹೆಬ್ಬೆರಳು ಸುಳಿದಾಡಿ
ಹೆಚ್ಚಾದದ್ದನ್ನು ಕೆಳಗೆ, ಇನ್ನೂ ಕೆಳಗೆ ಕಳಿಸಿ
ಹೊಟ್ಟೆಯಡಿ ಮಡಚಿದೆ. ಬ್ಲೇಡು.
ನೋಡು.

ನೋಡಿದ. ಬಹಳ ಹೊತ್ತು ನೋಡಿದ.

ಇಷ್ಟಕ್ಕೇ ಮುಗಿಯಲಿಲ್ಲ, ಎಂದ,
ಇದಕ್ಕೆ ನೆನಪಿದೆ.
ಹಿಗ್ಗಿದ್ದು ತಣ್ಣಗಾದ ಮೇಲೆ, ನಾಳೆಯೋ ನಾಡಿದ್ದೋ,
ಹಳೆಯ ಅಳತೆ ನೆನೆದು ಹಿಂದಕ್ಕೆ ಸರಿಯುತ್ತದೆ.
ತೊಂಬತ್ತು ಡಿಗ್ರಿ ಕಾಯಿಸಿದರೆ ಮರೆಯುತ್ತದೆ.

ಎಲ್ಲವನ್ನೂ?

ಆಕಾರವೊಂದನ್ನ.

ಅವನು ಕಾಯಿಸುತ್ತಿದ್ದ. ನಾನು ನನ್ನ ಬೆರಳು ನೋಡಿಕೊಂಡೆ.
ಕಾರ್ಖಾನೆ ಮುಚ್ಚಿ ಹನ್ನೆರಡು ವರ್ಷ,
ಅಲ್ಲೀಗ ಜನ ದುಡ್ಡು ಕೊಟ್ಟು
ಯಂತ್ರದ ಮೇಲೆ ನಿಂತಲ್ಲೇ ಓಡುತ್ತಾರೆ.
ಈ ಬೆರಳುಗಳು ಮಾತ್ರ
ಬಟ್ಟೆ ಕಂಡರೆ ಸಾಕು, ಅಂಚು ಹುಡುಕುತ್ತವೆ.
ಸತ್ತವನೊಬ್ಬನ ಕೋಟಿನ ಹೆಗಲನ್ನೂ ಸರಿಮಾಡಿದ್ದಿದೆ,
ಚರ್ಚಿನಲ್ಲಿ, ಎಲ್ಲರೆದುರು.

ಹೊರಡುವ ಮುಂಚೆ ಉಳಿದ ತುಂಡನ್ನು
ಡ್ರೈಯರಿನ ಬಿರಿದ ಹಿಡಿಗೆ ಸುತ್ತಿಕೊಟ್ಟ.
ಉಜ್ಜಿದ ಲೋಹದ ಬೂದು ಬಣ್ಣ. ಚೆಂದವೇ.
ಅವನು ನೆಮುನಾಸ್ ಸೇತುವೆ ದಾಟುವ ಹೊತ್ತಿಗೆ
ಬೆಕ್ಕಿನ ನೆನಪಾಯಿತು, ಬಚ್ಚಲ ಬಾಗಿಲು ತೆಗೆದೆ.

ಮೂರನೆಯ ದಿನ ಹಿಡಿಯ ಅಂಚು
ಉಗುರಿನಷ್ಟು ಎದ್ದಿತ್ತು.
ಕಾಯಿಸಬೇಕಿತ್ತು.
ಊರಿಗೆಲ್ಲ ಬಿಸಿ ಊದುವುದು
ತನ್ನ ಹಿಡಿಯನ್ನು ತಾನು ಕಾಯಿಸಿಕೊಳ್ಳಲಾರದು.
ಎದ್ದಲ್ಲಿ ಹೆಬ್ಬೆರಳೊತ್ತಿ ಹಿಡಿದು
ತಲೆ ಒಣಗಿಸಿಕೊಂಡೆ.